ಮನೆಯ ಡೆಸ್ಕ್‌ಟಾಪ್‌ಗೆ ವೈಫೈ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್, ಲ್ಯಾಪ್‌ಟಾಪ್‌ಗಳು ವೈಫೈ ಸಮೇತವೇ ಮನೆಗೆ ಬರುತ್ತವೆ. ಡೆಸ್ಕ್‌ಟಾಪ್ ಎಷ್ಟೋ ಸಲ ಹಾಗೆ ಬರುವುದಿಲ್ಲ. ಅದಕ್ಕೆ ನಾವೇ ದಾರಿ ಹುಡುಕಬೇಕು. ಆ ಹುಡುಕಾಟದಲ್ಲಿ ಗೆಳೆಯರು, ನೆಂಟರು, ಪತ್ರ ಬರೆದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಿಮಗೆ ಬೇಕಾದ ಉತ್ತರವನ್ನಷ್ಟೇ ಓದಿದರೂ ಸಾಕು. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಡಬ್ಬಿಯ ಮೇಲಿನ ವೇಗದ ಅಂಕಿ ನೋಡಿ ಕೊಳ್ಳುತ್ತಾರೆ. ನಾನು ಮೊದಲು ಕೇಳುವುದು, ಆಂಟೆನಾ ಎಲ್ಲಿ ಕೂರುತ್ತದೆ ಎಂದು.

## ಏನನ್ನೂ ಕೊಳ್ಳುವ ಮೊದಲು

ನನ್ನ ಕಂಪ್ಯೂಟರಿನಲ್ಲಿ ವೈಫೈ ಈಗಾಗಲೇ ಇದೆಯೋ ಇಲ್ಲವೋ, ತಿಳಿಯುವುದು ಹೇಗೆ?

ಕ್ಯಾಬಿನೆಟ್ಟಿನ ಹಿಂಬದಿ ನೋಡಿ. ಯುಎಸ್‌ಬಿ, ಆಡಿಯೊ ಕಿಂಡಿಗಳ ಹತ್ತಿರ ಚಿನ್ನದ ಬಣ್ಣದ, ತಿರುಪಿನ ಗೆರೆಗಳಿರುವ ಎರಡು ಪುಟ್ಟ ಕೊಳವೆಗಳು ಹೊರಗೆ ಚಾಚಿಕೊಂಡಿದ್ದರೆ ವೈಫೈ ಇದೆ ಎಂದೇ ಅರ್ಥ. ಅವು ಆಂಟೆನಾ ಹಾಕುವ ಜಾಗ. ಕೆಲವು ಹೊಸ ಮದರ್‌ಬೋರ್ಡುಗಳಲ್ಲಿ (ಕಂಪ್ಯೂಟರಿನ ಒಳಗಿನ ಮುಖ್ಯ ಫಲಕ) ತಿರುಪಿನ ಬದಲು ಒತ್ತಿ ಕೂರಿಸುವ ಕಿಂಡಿ ಇರುತ್ತದೆ.

ವಿಂಡೋಸ್‌ನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್‌ಗಳ ಪಟ್ಟಿ ನೋಡಬಹುದು. ವೈಫೈ, ವೈರ್‌ಲೆಸ್ ಅಥವಾ 802.11 ಎಂದಿರುವ ಸಾಲು ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಹಿಂಬದಿಯಲ್ಲಿ ಆಂಟೆನಾ ಜಾಗವಿದ್ದೂ ಪಟ್ಟಿಯಲ್ಲಿ ಆ ಸಾಲು ಕಾಣದೆ, ಹಳದಿ ಗುರುತಿನ ಅಪರಿಚಿತ ಸಾಧನವೊಂದು ಕಂಡರೆ, ಇಲ್ಲದಿರುವುದು ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಮಾತ್ರ. ಆಗ ದುಡ್ಡು ಖರ್ಚು ಮಾಡಬೇಡಿ. ಮದರ್‌ಬೋರ್ಡ್ ತಯಾರಕರ ತಾಣದಿಂದ ಡ್ರೈವರ್ ಇಳಿಸಿಕೊಳ್ಳಿ.

ಮದರ್‌ಬೋರ್ಡಿನಲ್ಲೇ ವೈಫೈ ಇದೆ. ಆದರೂ ಪಕ್ಕದ ಕೋಣೆಯ ರೌಟರಿನಿಂದ ಒಂದೇ ಕಡ್ಡಿ ಸಿಗ್ನಲ್. ಬೋರ್ಡ್ ಕೆಟ್ಟಿದೆಯೇ?

ಬಹುಮಟ್ಟಿಗೆ ಇಲ್ಲ. ಆಂಟೆನಾ ಹಾಕಿದ್ದೀರಾ? ನಾನು ನೋಡಿದ ಇಂಥ ದೂರುಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿದಿವೆ. ಆಂಟೆನಾ ಮದರ್‌ಬೋರ್ಡಿನ ಡಬ್ಬಿಯಲ್ಲಿ ಬೇರೆ ಪೊಟ್ಟಣವಾಗಿ ಬರುತ್ತದೆ. ಜೋಡಿಸಿಕೊಟ್ಟವರು ಡಬ್ಬಿಯನ್ನು ನಿಮ್ಮ ಕೈಗಿತ್ತಿರುತ್ತಾರೆ, ನೀವು ಅದನ್ನು ಅಟ್ಟಕ್ಕೆ ಹಾಕಿರುತ್ತೀರಿ. ಆಂಟೆನಾ ಇಲ್ಲದೆಯೂ ಹತ್ತಿರದ ನೆಟ್‌ವರ್ಕಿನ ಹೆಸರು ಕಾಣಿಸುವುದರಿಂದ ಅದು ಬೇಕೆಂಬ ಅನುಮಾನವೇ ಬರುವುದಿಲ್ಲ. ಎರಡು ಕಿಂಡಿಗಳಿಗೂ ಹಾಕಿ. ಒಂದಕ್ಕೇ ಹಾಕಿದರೆ ವೇಗ ಅರ್ಧದಷ್ಟಕ್ಕೆ ಇಳಿಯಬಹುದು, ಏಕೆಂದರೆ ಎರಡೂ ಆಂಟೆನಾಗಳು ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಮಾಹಿತಿಯನ್ನು ಸಾಗಿಸುತ್ತವೆ. ಮೂಲ ಆಂಟೆನಾ ಕಳೆದಿದ್ದರೆ ಆರ್‌ಪಿ-ಎಸ್‌ಎಂಎ ಎಂಬ ತಿರುಪಿನ ಆಂಟೆನಾ ಕೇಳಿ ತನ್ನಿ. ಬಹುತೇಕ ಬೋರ್ಡುಗಳಿಗೆ ಹೊಂದುವುದು ಅದೇ.

ವೈಫೈ ಬದಲು ತಂತಿ ಎಳೆದರೆ ಒಳ್ಳೆಯದೇ?

ಹೌದು. ಎಳೆಯಲು ಸಾಧ್ಯವಿದ್ದರೆ ಎಳೆಯಿರಿ. ಡೆಸ್ಕ್‌ಟಾಪ್ ಇಟ್ಟ ಜಾಗದಿಂದ ಏಳುವುದಿಲ್ಲ, ಹಾಗಾಗಿ ತಂತಿ ಅದಕ್ಕೆ ಕಟ್ಟುಪಾಡು ಆಗುವುದಿಲ್ಲ. ಸಾಮಾನ್ಯ ಕ್ಯಾಟ್ 5ಇ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ, ಅದೂ ಹೋಗುವ ಬರುವ ಎರಡೂ ದಿಕ್ಕುಗಳಲ್ಲಿ ಒಟ್ಟಿಗೆ. ವೈಫೈಯಲ್ಲಿ ಒಂದು ಚಾನೆಲ್ಲನ್ನು, ಅಂದರೆ ಅಲೆಗಳು ಸಾಗುವ ಒಂದು ಓಣಿಯನ್ನು, ಮನೆಯ ಎಲ್ಲ ಸಾಧನಗಳೂ, ಎಷ್ಟೋ ಸಲ ಪಕ್ಕದ ಮನೆಯವೂ, ಸರದಿಯಲ್ಲಿ ಬಳಸಬೇಕು. ಬಾಗಿಲಿನ ಚೌಕಟ್ಟಿನ ಅಂಚಿನಲ್ಲಿ ಚಪ್ಪಟೆ ಕೇಬಲ್ ಅಂಟಿಸಲು ಮನೆಯವರು ಒಪ್ಪಿದರೆ ಮುಂದಿನ ಪ್ರಶ್ನೆಗಳನ್ನು ನೀವು ಓದಬೇಕಾಗಿಯೇ ಇಲ್ಲ.

ಒಂದು ಎಚ್ಚರಿಕೆ: ತಂತಿ ಹಾಕಿದ ಮೇಲೆ ಸಂಪರ್ಕದ ವೇಗ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಎಂದೇ ತೋರಿಸುತ್ತಿದ್ದರೆ ಕೇಬಲ್ಲಿನೊಳಗಿನ ನಾಲ್ಕು ಜೋಡಿ ಎಳೆಗಳಲ್ಲಿ ಯಾವುದೋ ಕಡಿದಿರಬಹುದು, ಇಲ್ಲವೇ ರೌಟರಿನ ಕಿಂಡಿಯೇ ಅಷ್ಟರದ್ದಾಗಿರಬಹುದು. 100ಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು.

ಇವತ್ತೇ ಇಂಟರ್ನೆಟ್ ಬೇಕು. ಮೊಬೈಲಿನಿಂದಲೇ ಏನಾದರೂ ಮಾಡಬಹುದೇ?

ಆಂಡ್ರಾಯ್ಡ್ ಮೊಬೈಲ್ ಇದ್ದರೆ ಅದನ್ನು ಮನೆಯ ವೈಫೈಗೆ ಸೇರಿಸಿ, ಚಾರ್ಜಿಂಗ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮೊಬೈಲ್ ವೈಫೈಯಲ್ಲಿರುವ ತನಕ ಕಂಪ್ಯೂಟರಿಗೂ ಆ ವೈಫೈಯೇ ಹರಿದುಬರುತ್ತದೆ, ಡೇಟಾ ಪ್ಯಾಕ್ ಕರಗುವುದಿಲ್ಲ. ಇದು ಹಲವರಿಗೆ ತಿಳಿದಿಲ್ಲ. ಐಫೋನ್ ಹಾಗಲ್ಲ, ಅದು ಹಂಚುವುದು ಸಿಮ್‌ನ ಡೇಟಾವನ್ನು ಮಾತ್ರ.

## ಯಾವುದನ್ನು ಆರಿಸುವುದು

ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಡಾಂಗಲ್ ಕೊಳ್ಳಲೇ, ಒಳಗೆ ಕೂರಿಸುವ ಕಾರ್ಡ್ ಕೊಳ್ಳಲೇ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಕಾರ್ಡ್ ಯಾವಾಗಲೂ ಮೇಲು, ಡಾಂಗಲ್ ಬಡವರ ಪಾಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಪಿಸಿಐ ಎಕ್ಸ್‌ಪ್ರೆಸ್ ಎಂಬ ಒಳಗಿನ ಕಾರ್ಡ್ ಮದರ್‌ಬೋರ್ಡಿನ ಸ್ಲಾಟ್ ಎಂಬ ಸೀಳಿನಲ್ಲಿ ನೇರವಾಗಿ ಕೂರುತ್ತದೆ. ಅದಕ್ಕೆ ವೇಗದ ಇಕ್ಕಟ್ಟು ಇಲ್ಲ, ಕೈ ತಗುಲಿ ಕಳಚಿ ಬೀಳುವ ಭಯವಿಲ್ಲ, ಬಿಸಿಯಾದರೆ ತಣಿಸಲು ಲೋಹದ ಹೊದಿಕೆ ಇರುತ್ತದೆ, ಎಷ್ಟೋ ಕಾರ್ಡುಗಳಲ್ಲಿ ಬ್ಲೂಟೂತ್ ಕೂಡ ಇರುತ್ತದೆ. ದಿನವಿಡೀ ಕೆಲಸ ಮಾಡುವ ಯಂತ್ರಕ್ಕೆ ಅದೇ ನನ್ನ ಆಯ್ಕೆ. ಆದರೆ ಅದರ ಆಂಟೆನಾಗಳು ಕ್ಯಾಬಿನೆಟ್ಟಿನ ಬೆನ್ನಿಗೆ ಅಂಟಿಕೊಂಡಿರುತ್ತವೆ: ಮುಂದೆ ಲೋಹದ ಪೆಟ್ಟಿಗೆ, ಹಿಂದೆ ಗೋಡೆ, ಸುತ್ತ ತಂತಿಗಳ ಗೋಜಲು, ಮೇಲೆ ಮೇಜು. ಅದಕ್ಕಿಂತ ಕೆಟ್ಟ ಜಾಗ ಆ ಕೋಣೆಯಲ್ಲಿ ಇನ್ನೊಂದಿಲ್ಲ.

ಡಾಂಗಲ್ಲನ್ನು ಒಂದೆರಡು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ಲಿನಿಂದ ಮೇಜಿನ ಮೇಲಕ್ಕೆ ತಂದರೆ ಆಂಟೆನಾ ಗಾಳಿ ಬೆಳಕಿಗೆ ಬರುತ್ತದೆ. ನನ್ನದೇ ಅನುಭವ: ಮೊದಲ ಡಾಂಗಲ್ಲನ್ನು ಹಿಂಬದಿಯ ಕಿಂಡಿಗೆ ಸಿಕ್ಕಿಸಿದ್ದೆ, ವಿಡಿಯೊ ಕರೆ ನಿಂತು ನಿಂತು ಬರುತ್ತಿತ್ತು. ಅದೇ ಡಾಂಗಲ್ಲನ್ನು ಕೇಬಲ್ಲಿನಿಂದ ಪುಸ್ತಕದ ಕಪಾಟಿನ ತುದಿಗೆ ಏರಿಸಿದ ದಿನದಿಂದ ಆ ತೊಂದರೆ ಮರುಕಳಿಸಲಿಲ್ಲ.

ಹಾಗಾಗಿ ಕ್ಯಾಬಿನೆಟ್ ಬಿಚ್ಚಲು ಮನಸ್ಸಿದ್ದರೆ, ಖಾಲಿ ಸ್ಲಾಟ್ ಇದ್ದರೆ, ಉದ್ದ ತಂತಿಯ ತುದಿಯಲ್ಲಿ ಆಯಸ್ಕಾಂತದ ಪೀಠವಿರುವ ಆಂಟೆನಾ ಬರುವ ಕಾರ್ಡನ್ನು ಕೊಳ್ಳಿ. ಬಿಚ್ಚುವುದು ಬೇಡ, ವಾರಂಟಿ ಇನ್ನೂ ಇದೆ ಅಥವಾ ಯಂತ್ರವನ್ನು ಬೇಗ ಬದಲಿಸುವ ಯೋಚನೆಯಿದೆ ಎಂದಾದರೆ, ಹೊರಚಾಚಿದ ಆಂಟೆನಾ ಇರುವ ಯುಎಸ್‌ಬಿ 3 ಡಾಂಗಲ್ ಕೊಂಡು ಕೇಬಲ್ಲಿನಿಂದ ಮೇಲೆತ್ತಿ ಇಡಿ.

ಉಗುರಿನಷ್ಟು ಪುಟ್ಟ ಡಾಂಗಲ್ ಸಾಲದೇ? ನೋಡಲು ಅಂದವಾಗಿದೆ.

ರೌಟರ್ ಅದೇ ಕೋಣೆಯಲ್ಲಿದ್ದು, ಮಿಂಚಂಚೆ ಮತ್ತು ಓದಿನ ಕೆಲಸವಷ್ಟೇ ಇದ್ದರೆ ಸಾಲುತ್ತದೆ. ಗೋಡೆ ಅಡ್ಡ ಬಂದರೆ ಸಾಲದು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೊ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್; ಅದನ್ನು ಹಿಡಿಯಬೇಕಾದ ಆಂಟೆನಾವನ್ನು ಉಗುರಿನಷ್ಟು ಜಾಗದಲ್ಲಿ ಮಡಚಿಟ್ಟರೆ ಅದರ ಶಕ್ತಿ ಕುಂದದೆ ಇರುವುದಿಲ್ಲ. ಇಂಥ ಡಾಂಗಲ್ಲುಗಳಲ್ಲಿ ಹಲವು 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೀಮಿತವಾಗಿರುತ್ತವೆ. ಕೊಳ್ಳುವ ಮೊದಲು 5 ಗಿಗಾಹರ್ಟ್ಸ್ ಎಂಬ ಮಾತು ಡಬ್ಬಿಯ ಮೇಲೆ ಸ್ಪಷ್ಟವಾಗಿ ಇದೆಯೇ ನೋಡಿ.

ಡಬ್ಬಿಯ ಮೇಲೆ ಎಸಿ1200, ಎಎಕ್ಸ್3000 ಎಂದೆಲ್ಲ ಬರೆದಿರುತ್ತದೆ. ನಿಜಕ್ಕೂ ಅಷ್ಟು ವೇಗ ಸಿಗುತ್ತದೆಯೇ?

ಸಿಗುವುದಿಲ್ಲ. ಆ ಅಂಕಿ ಒಂದು ಕೂಡುಲೆಕ್ಕ. ಎಸಿ1200 ಎಂದರೆ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎಂಬಿಪಿಎಸ್ ಸೇರಿ, ಮೇಲಕ್ಕೆ ದುಂಡಾಗಿಸಿದ್ದು. ಎಎಕ್ಸ್3000 ಎಂದರೆ 574 ಮತ್ತು 2402. ನಿಮ್ಮ ಕಂಪ್ಯೂಟರ್ ಒಂದು ಹೊತ್ತಿನಲ್ಲಿ ಒಂದೇ ಬ್ಯಾಂಡ್ (2.4 ಅಥವಾ 5 ಗಿಗಾಹರ್ಟ್ಸ್‌ನ ಅಲೆಪಟ್ಟಿ) ಬಳಸುವುದರಿಂದ ಕೂಡುಲೆಕ್ಕ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ದೊಡ್ಡ ಅಂಕಿಯೊಂದನ್ನೇ ಹಿಡಿದುಕೊಳ್ಳಿ. ಆ 2402 ಕೂಡ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೊಡುವ ರೌಟರ್ ಇದ್ದರೆ ಮಾತ್ರ. 80 ಮೆಗಾಹರ್ಟ್ಸ್‌ನ ರೌಟರಿನೊಂದಿಗೆ ಅದೇ ಕಾರ್ಡ್ 1201ಕ್ಕೆ ನಿಲ್ಲುತ್ತದೆ.

ಇದು ಗಾಳಿಯಲ್ಲಿ ಸಾಗುವ ಬಿಟ್ಟುಗಳ ಲೆಕ್ಕ. ಸರದಿ ಕಾಯುವುದು, ಮಾಹಿತಿ ತಲುಪಿತೆಂದು ಮಾರುತ್ತರ ಕೊಡುವುದು, ತಪ್ಪಾದದ್ದನ್ನು ಮತ್ತೆ ಕಳಿಸುವುದು ಎಲ್ಲ ಕಳೆದು, ಹತ್ತಿರದಲ್ಲಿದ್ದರೂ ಅರ್ಧದಿಂದ ಮೂರನೇ ಎರಡರಷ್ಟು ಕೈಗೆ ಬಂದರೆ ಅದು ಒಳ್ಳೆಯ ಸಂಪರ್ಕ. ಇನ್ನೊಂದು ಗೊಂದಲವೂ ಇಲ್ಲಿ ಸೇರಿಕೊಳ್ಳುತ್ತದೆ: ಇಂಟರ್ನೆಟ್ ವೇಗವನ್ನು ಬಿಟ್ಟಿನಲ್ಲಿ ಹೇಳುತ್ತಾರೆ, ಕಡತ ಇಳಿಯುವಾಗ ಕಂಪ್ಯೂಟರ್ ಬೈಟಿನಲ್ಲಿ ತೋರಿಸುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟು. 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 12 ಮೆಗಾಬೈಟ್ ಇಳಿಯುತ್ತಿದ್ದರೆ ಯಾರೂ ನಿಮಗೆ ಮೋಸ ಮಾಡಿಲ್ಲ.

ಯುಎಸ್‌ಬಿ 2 ಕಿಂಡಿಗೆ ಹಾಕಿದರೆ ನಷ್ಟವೇ?

ಯುಎಸ್‌ಬಿ 2ರ ಕಾಗದದ ಮೇಲಿನ ಮಿತಿ 480 ಎಂಬಿಪಿಎಸ್, ಕೈಗೆ ಬರುವುದು ಸುಮಾರು 300. ನಿಮ್ಮ ಇಂಟರ್ನೆಟ್ 100 ಅಥವಾ 200 ಇದ್ದರೆ ಏನೂ ನಷ್ಟವಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಯುಎಸ್‌ಬಿ 3 ಕಿಂಡಿಯನ್ನೇ ಬಳಸಿ. ಸಾಮಾನ್ಯವಾಗಿ ಅದರ ಒಳಗಿನ ನಾಲಗೆ ನೀಲಿಯಾಗಿರುತ್ತದೆ. ಎಕ್ಸ್‌ಟೆನ್ಶನ್ ಕೇಬಲ್ ಕೂಡ ಯುಎಸ್‌ಬಿ 3ರದ್ದೇ ಆಗಿರಬೇಕು.

ವೈಫೈ 5, 6, 6ಇ, 7 ಎಂದಿವೆ. ಯಾವುದಕ್ಕೆ ದುಡ್ಡು ಹಾಕಲಿ?

ನಿಮ್ಮ ರೌಟರ್ ಯಾವುದು ಎಂಬುದನ್ನು ಮೊದಲು ನೋಡಿ. ಸಂಪರ್ಕದ ಎರಡೂ ತುದಿಗಳಿಗೆ ಗೊತ್ತಿರುವ ಭಾಷೆಯಲ್ಲೇ ಮಾತುಕತೆ ನಡೆಯುತ್ತದೆ. ವೈಫೈ 5ರ ರೌಟರ್ ಎದುರು ವೈಫೈ 7ರ ಕಾರ್ಡ್ ಇಟ್ಟರೂ ಅದು ವೈಫೈ 5ರಂತೆಯೇ ನಡೆದುಕೊಳ್ಳುತ್ತದೆ.

ಈ ಅಂಕಿಗಳನ್ನು ವೈಫೈ ಸಾಧನಗಳನ್ನು ಪ್ರಮಾಣೀಕರಿಸುವ ವೈಫೈ ಅಲಯನ್ಸ್ ಎಂಬ ಸಂಘ 2018ರಲ್ಲಿ ಜಾರಿಗೆ ತಂದಿತು. ಅದಕ್ಕೂ ಮೊದಲು 802.11ಎನ್, 802.11ಎಸಿ ಎಂಬ ಹೆಸರುಗಳೇ ಇದ್ದವು. 2009ರ ಎನ್ ಈಗ ವೈಫೈ 4, 2013ರ ಎಸಿ ವೈಫೈ 5. ವೈಫೈ 6ರ ಪ್ರಮಾಣೀಕರಣ 2019ರಲ್ಲಿ, ವೈಫೈ 7ರದ್ದು 2024ರ ಜನವರಿಯಲ್ಲಿ ಆರಂಭವಾಯಿತು. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ವೈಫೈ 6. ಹಲವು ಸಾಧನಗಳಿರುವ ಮನೆಯಲ್ಲಿ ಸರದಿಯನ್ನು ಅದು ಅಚ್ಚುಕಟ್ಟಾಗಿ ಹಂಚುತ್ತದೆ. 6ಇ ಎಂದರೆ ಅದಕ್ಕೇ 6 ಗಿಗಾಹರ್ಟ್ಸ್ ಬ್ಯಾಂಡ್ ಸೇರಿಸಿದ್ದು: ವಿಶಾಲ, ಜನಸಂದಣಿಯಿಲ್ಲದ ಬ್ಯಾಂಡ್, ಗೋಡೆಯ ಮುಂದೆ ಮಾತ್ರ ದುರ್ಬಲ. ರೌಟರ್ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಅದಕ್ಕೆ ಬೆಲೆಯಿದೆ. ವೈಫೈ 7ರ ಕಾರ್ಡನ್ನು ವೈಫೈ 7ರ ರೌಟರ್ ಇರುವವರು ಕೊಳ್ಳಲಿ.

ಇಂಟರ್ನೆಟ್ಟೇ 100 ಎಂಬಿಪಿಎಸ್. ಒಳ್ಳೆಯ ಕಾರ್ಡ್ ಹಾಕಿ ಏನು ಪ್ರಯೋಜನ?

ರೌಟರ್ ಪಕ್ಕದಲ್ಲಿದ್ದರೆ ಪ್ರಯೋಜನ ಕಡಿಮೆ. ದೂರವಿದ್ದರೆ ಇದೆ. ಒಂದು ಆಂಟೆನಾದ 433 ಎಂಬಿಪಿಎಸ್ ಡಾಂಗಲ್ ಎರಡು ಗೋಡೆಗಳ ಆಚೆ 50ಕ್ಕಿಂತ ಕೆಳಗೆ ಕುಸಿಯಬಹುದು. ಎರಡು ಆಂಟೆನಾದ ಕಾರ್ಡ್ ಅಲ್ಲಿಯೂ 100ನ್ನು ತುಂಬಿಕೊಡಬಲ್ಲದು. ಮನೆಯೊಳಗೇ ಇನ್ನೊಂದು ಕಂಪ್ಯೂಟರಿಗೆ ಫೋಟೊ, ವಿಡಿಯೊ ಕಳಿಸುವವರಿಗೆ ಇಂಟರ್ನೆಟ್ ವೇಗದ ಮಿತಿ ಅನ್ವಯಿಸುವುದೇ ಇಲ್ಲ.

ಲ್ಯಾಪ್‌ಟಾಪಿನ ಪುಟ್ಟ ಎಂ.2 ವೈಫೈ ಕಾರ್ಡನ್ನು ಡೆಸ್ಕ್‌ಟಾಪಿಗೆ ಹಾಕಬಹುದೇ?

ಮದರ್‌ಬೋರ್ಡಿನಲ್ಲಿ ಇ-ಕೀ ಎಂಬ ಎಂ.2 ಸ್ಲಾಟ್ ಇದ್ದರೆ ಹಾಕಬಹುದು. ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಕೂರುವುದು ಎಂ-ಕೀ ಸ್ಲಾಟಿನಲ್ಲಿ. ಎರಡೂ ನೋಡಲು ಒಂದೇ ಥರ, ಕಚ್ಚು ಬೇರೆ ಕಡೆ ಇರುತ್ತದೆ, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ವೈಫೈ ಕಾರ್ಡಿನ ಅಳತೆ ಸಾಮಾನ್ಯವಾಗಿ 2230, ಅಂದರೆ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದ.

ಇಲ್ಲಿ ಹಲವರು ಎಡವುವ ಒಂದು ಕಲ್ಲಿದೆ. ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಕಾರ್ಡುಗಳು ತಾವೇ ಪೂರ್ಣವಾದವು. ಎಎಕ್ಸ್201, ಎಎಕ್ಸ್211 ಹಾಗಲ್ಲ. ಅವುಗಳ ಅರ್ಧ ಕೆಲಸವನ್ನು ಮದರ್‌ಬೋರ್ಡಿನಲ್ಲಿರುವ ಇಂಟೆಲ್‌ನದೇ ಚಿಪ್‌ಸೆಟ್ ಮಾಡಬೇಕು. ಸಿಎನ್‌ವಿಐ ಎಂಬ ಈ ಏರ್ಪಾಡು ಇಲ್ಲದ ಬೋರ್ಡಿನಲ್ಲಿ, ಎಎಂಡಿ ಪ್ರೊಸೆಸರಿನ ಯಂತ್ರದಲ್ಲಂತೂ, ಅವು ಏಳುವುದೇ ಇಲ್ಲ. ಈ ನಾಲ್ಕರಲ್ಲಿ ಕೊನೆಯ ಅಂಕಿ 0 ಇದ್ದರೆ ನಿಶ್ಚಿಂತೆ, 1 ಇದ್ದರೆ ಬೋರ್ಡಿನ ಕೈಪಿಡಿ ನೋಡಿ. ಈ ಕಾರ್ಡುಗಳನ್ನು ಬಳಸುವ ಹಲವು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳ ಲೋಹದ ಹೊದಿಕೆಯ ಕೆಳಗೆ ಇರುವುದೂ ಇದೇ ಪುಟ್ಟ ಎಂ.2 ಕಾರ್ಡು. ಮುಂದೆಂದಾದರೂ ಅದನ್ನಷ್ಟೇ ಬದಲಿಸಿಕೊಳ್ಳಬಹುದು.

## ಜೋಡಿಸುವಾಗ

ಕ್ಯಾಬಿನೆಟ್ ಬಿಚ್ಚಲು ಭಯವಾಗುತ್ತದೆ. ನಾನೇ ಹಾಕಬಹುದೇ?

ಖಂಡಿತ. ತಿರುಪು ಬಿಚ್ಚಲು ಬಂದರೆ ಸಾಕು, ಹದಿನೈದು ನಿಮಿಷದ ಕೆಲಸ. ಕಂಪ್ಯೂಟರ್ ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ಚಾರ್ಜನ್ನು ಹೊರಹಾಕಿ. ಒಳಗೆ ಕೈಯಿಡುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ; ಮೈಯಲ್ಲಿರುವ ಸ್ಥಿರವಿದ್ಯುತ್ ಅಲ್ಲಿ ಇಳಿಯುತ್ತದೆ. ಸ್ಲಾಟಿನ ಎದುರಿನ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ಅಂಚಿನಲ್ಲಿ ಹಿಡಿದು ನೇರವಾಗಿ ಒತ್ತಿ, ತಿರುಪು ಹಾಕಿ.

ಸ್ಲಾಟ್ ಯಾವುದೆಂಬ ಗೊಂದಲ ಬೇಡ. ವೈಫೈ ಕಾರ್ಡ್ ಅತಿ ಗಿಡ್ಡ ಎಕ್ಸ್1 ಸ್ಲಾಟಿಗೆ ಕೂರುತ್ತದೆ; ಅದು ಖಾಲಿಯಿಲ್ಲದಿದ್ದರೆ ಉದ್ದದ ಎಕ್ಸ್4, ಎಕ್ಸ್16 ಸ್ಲಾಟಿನಲ್ಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ದಪ್ಪ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಫ್ಯಾನಿಗೆ ತಾಗುವಂತೆ ಹಾಕಬೇಡಿ. ತುಂಬ ಹಳೆಯ ಯಂತ್ರಗಳಲ್ಲಿ ಮಾತ್ರ ಪಿಸಿಐ ಎಂಬ ಹಿಂದಿನ ಪೀಳಿಗೆಯ ಉದ್ದ ಬಿಳಿ ಸ್ಲಾಟುಗಳಿರುತ್ತವೆ, ಅದಕ್ಕೆ ಇದು ಹೊಂದುವುದಿಲ್ಲ.

ಕಾರ್ಡ್ ಹಾಕಿದೆ, ವೈಫೈ ಬಂತು, ಬ್ಲೂಟೂತ್ ಬರಲಿಲ್ಲ. ಏಕೆ?

ಡಬ್ಬಿಯಲ್ಲಿ ಒಂದು ತೆಳು ತಂತಿ ಉಳಿದಿದೆಯೇ ನೋಡಿ. ಕಾರ್ಡಿನ ವೈಫೈ ಭಾಗ ಸ್ಲಾಟಿನ ಮೂಲಕ ಮಾತನಾಡುತ್ತದೆ, ಬ್ಲೂಟೂತ್ ಭಾಗ ಯುಎಸ್‌ಬಿಯ ಮೂಲಕ. ಆ ತಂತಿಯನ್ನು ಕಾರ್ಡಿನಿಂದ ಮದರ್‌ಬೋರ್ಡಿನ ಒಂಬತ್ತು ಸೂಜಿಯ ಒಳಗಿನ ಯುಎಸ್‌ಬಿ 2 ಜಾಗಕ್ಕೆ ಹಾಕಬೇಕು.

ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಏನು ಮಾಡಲಿ?

ಮೇಲೆ ಹೇಳಿದ ಮೊಬೈಲ್ ಟೆದರಿಂಗ್ ಇಲ್ಲಿ ಕೈಹಿಡಿಯುತ್ತದೆ. ಹೊಸದಾಗಿ ವಿಂಡೋಸ್ 11 ಹಾಕುವಾಗ ಅದು ನಡುವೆಯೇ ಇಂಟರ್ನೆಟ್ ಕೇಳಿ ನಿಂತುಬಿಡುತ್ತದೆ. ಆಗಲೂ ಇದೇ ಉಪಾಯ ನಡೆಯುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಡ್ರೈವರ್ ಇಳಿಸಿ ಪೆನ್‌ಡ್ರೈವಿನಲ್ಲಿ ತರುವುದು ಇನ್ನೊಂದು ದಾರಿ. ಕೆಲವು ಡಾಂಗಲ್ಲುಗಳು ಮೊದಲ ಸಲ ಸಿಕ್ಕಿಸಿದಾಗ ಸಿಡಿ ಡ್ರೈವಿನಂತೆ ಕಾಣಿಸಿಕೊಳ್ಳುತ್ತವೆ. ಕೆಟ್ಟಿದೆಯೆಂದು ಹಿಂದಿರುಗಿಸಬೇಡಿ, ಡ್ರೈವರ್ ಆ ಸಿಡಿಯೊಳಗೇ ಇರುತ್ತದೆ, ಅದನ್ನು ತೆರೆದು ಹಾಕಿಕೊಂಡ ಮೇಲೆ ಡಾಂಗಲ್ ವೈಫೈಯಾಗಿ ಬದಲಾಗುತ್ತದೆ.

ಲಿನಕ್ಸ್ ಬಳಸುತ್ತೇನೆ. ಯಾವುದು ತಕರಾರಿಲ್ಲದೆ ನಡೆಯುತ್ತದೆ?

ಬ್ರ್ಯಾಂಡಿನ ಹೆಸರಿಗಿಂತ ಒಳಗಿನ ಚಿಪ್ ಮುಖ್ಯ. ಕಾರ್ಡುಗಳಲ್ಲಿ ಇಂಟೆಲ್ ಎಎಕ್ಸ್200 ಮತ್ತು ಎಎಕ್ಸ್210ಕ್ಕೆ ಕರ್ನೆಲ್ಲಿನಲ್ಲೇ (ಲಿನಕ್ಸ್‌ನ ತಿರುಳು) ಡ್ರೈವರ್ ಇದೆ: ಮೊದಲನೆಯದಕ್ಕೆ ಆವೃತ್ತಿ 5.1ರಿಂದ, ಎರಡನೆಯದಕ್ಕೆ 5.10ರಿಂದ. ಡಾಂಗಲ್ಲುಗಳಲ್ಲಿ ಮೀಡಿಯಾಟೆಕ್‌ನ ಎಂಟಿ7612ಯು ಅಥವಾ ಎಂಟಿ7921ಎಯು ಚಿಪ್ ಇರುವುದನ್ನು ಹುಡುಕಿ. ಎರಡನೆಯದಕ್ಕೆ ಕರ್ನೆಲ್ 5.18 ಅಥವಾ ಅದಕ್ಕಿಂತ ಹೊಸದು ಬೇಕು. ರಿಯಲ್‌ಟೆಕ್ ಚಿಪ್ಪಿನ ಹಲವು ಡಾಂಗಲ್ಲುಗಳಿಗೆ ಡ್ರೈವರನ್ನು ಹೊರಗಿನಿಂದ ತಂದು ನಾವೇ ಕಂಪೈಲ್ ಮಾಡಬೇಕಾಗುತ್ತಿತ್ತು, ಕರ್ನೆಲ್ ಬದಲಾದಾಗಲೆಲ್ಲ ಅದು ಮುರಿಯುತ್ತಿತ್ತು. ಇತ್ತೀಚಿನ ಕರ್ನೆಲ್ಲುಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ, ಆದರೂ ಮೊದಲ ಸಲ ಲಿನಕ್ಸ್ ಹಾಕುವವರನ್ನು ನಾನು ಆ ದಾರಿಗೆ ಕಳಿಸುವುದಿಲ್ಲ.

## ಸಿಗ್ನಲ್ ಮತ್ತು ತೊಂದರೆಗಳು

ಆಂಟೆನಾವನ್ನು ಎಲ್ಲಿ, ಹೇಗೆ ಇಡಬೇಕು?

ಕ್ಯಾಬಿನೆಟ್ಟಿನ ನೆರಳಿನಿಂದ ಹೊರಗೆ, ಮೇಜಿನ ಮಟ್ಟಕ್ಕಿಂತ ಮೇಲೆ. ಕಡ್ಡಿ ಆಂಟೆನಾ ತನ್ನ ತುದಿಯಿಂದ ಸಿಗ್ನಲ್ ಚಿಮ್ಮಿಸುವುದಿಲ್ಲ, ಪಕ್ಕಗಳಿಂದ ಸುತ್ತಲೂ ಹರಡುತ್ತದೆ. ಆದ್ದರಿಂದ ತುದಿಯನ್ನು ರೌಟರಿನತ್ತ ಗುರಿಯಿಡುವುದು ತಪ್ಪು, ನೆಟ್ಟಗೆ ನಿಲ್ಲಿಸಿ. ಎರಡಿದ್ದರೆ ಒಂದನ್ನು ಸ್ವಲ್ಪ ಓರೆ ಮಾಡಿ.

ರೌಟರಿಗೂ ಆಂಟೆನಾಕ್ಕೂ ನಡುವೆ ಫ್ರಿಜ್, ಲೋಹದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಬರದಂತೆ ನೋಡಿಕೊಳ್ಳಿ. ಕನ್ನಡಿಯ ಹಿಂದಿರುವುದು ಲೋಹದ ಪದರ, ನೀರು ಅಲೆಯನ್ನು ಹೀರುತ್ತದೆ. ಗೋಡೆಯಿಂದ ಚಿಮ್ಮಿದ ಅಲೆಗಳೂ ನೇರ ಬಂದವೂ ಕೂಡಿ ಕೋಣೆಯಲ್ಲಿ ಬಲದ ಜಾಗಗಳು, ಕುರುಡು ಜಾಗಗಳು ಒತ್ತೊತ್ತಾಗಿ ಹುಟ್ಟುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಆರು ಸೆಂಟಿಮೀಟರಿಗಿಂತ ಕಡಿಮೆ ಇರುವುದರಿಂದ ಒಂದು ಗೇಣು ಸರಿಸಿದರೂ ವ್ಯತ್ಯಾಸ ಕಾಣಬಹುದು. ಹೊಸದನ್ನು ಕೊಳ್ಳುವ ಮೊದಲು ಐದಾರು ಕಡೆ ಇಟ್ಟು ನೋಡಿ. ಪ್ರತಿ ಸಲವೂ ವಿಂಡೋಸ್ ಸೆಟ್ಟಿಂಗ್ಸ್‌ನ ವೈಫೈ ಪುಟದಲ್ಲಿ ಹಾರ್ಡ್‌ವೇರ್ ಪ್ರಾಪರ್ಟೀಸ್ ತೆರೆದರೆ ಲಿಂಕ್ ಸ್ಪೀಡ್ ಎಂಬ ಅಂಕಿ ಸಿಗುತ್ತದೆ. ಸಿಗ್ನಲ್ ಕಡ್ಡಿಗಳಿಗಿಂತ ಅದು ನಂಬಿಕೆಗೆ ಅರ್ಹ. ಡೆಸಿಬೆಲ್ ಅಂಕಿ ತೋರಿಸುವ ಸಾಧನವಿದ್ದರೆ ಮೈನಸ್ 50 ಬಹಳ ಒಳ್ಳೆಯದು, ಮೈನಸ್ 67ರ ತನಕ ವಿಡಿಯೊ ಕರೆಗೆ ಧಾರಾಳ, ಮೈನಸ್ 80 ಎಂದರೆ ಸಂಪರ್ಕ ಇದ್ದೂ ಇಲ್ಲದಂತೆ.

ಆಂಟೆನಾದ ತಂತಿಯನ್ನು ಉದ್ದ ಮಾಡುತ್ತಾ ಹೋಗಬೇಡಿ. ತೆಳು ತಂತಿಯಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಬೇಗ ಸೋರಿಹೋಗುತ್ತದೆ. ಒಂದು ಮೀಟರಿನ ಆಸುಪಾಸು ಸರಿ. ಇನ್ನೂ ದೂರ ಬೇಕಾದರೆ ಡಾಂಗಲ್ ಮತ್ತು ಯುಎಸ್‌ಬಿ ಕೇಬಲ್ಲಿನ ದಾರಿಯೇ ಮೇಲು.

ಹೊರಗಿನ ಹಾರ್ಡ್‌ಡಿಸ್ಕ್ ಹಾಕಿದ ಕೂಡಲೇ ವೈಫೈ ನಿಧಾನವಾಗುತ್ತದೆ. ಇದು ಭ್ರಮೆಯೇ?

ಭ್ರಮೆಯಲ್ಲ. ಯುಎಸ್‌ಬಿ 3 ಕೆಲಸ ಮಾಡುವಾಗ ಹುಟ್ಟುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್‌ನ ಸುತ್ತಲೂ ಹರಡುತ್ತದೆ. ಇಂಟೆಲ್ 2012ರಲ್ಲಿ ಇದನ್ನು ಅಳೆದು ವರದಿ ಪ್ರಕಟಿಸಿತ್ತು. ಡಾಂಗಲ್ಲನ್ನೂ ಹಾರ್ಡ್‌ಡಿಸ್ಕನ್ನೂ ಅಕ್ಕಪಕ್ಕದ ಕಿಂಡಿಗಳಿಗೆ ಹಾಕಬೇಡಿ. 5 ಗಿಗಾಹರ್ಟ್ಸ್‌ಗೆ ಹೋದರೆ ತೊಂದರೆ ತಪ್ಪುತ್ತದೆ. ವೈರ್‌ಲೆಸ್ ಮೌಸ್ ತಡವರಿಸುವುದಕ್ಕೂ ಎಷ್ಟೋ ಸಲ ಇದೇ ಕಾರಣ.

2.4ಕ್ಕೆ ಸೇರಲೇ, 5ಕ್ಕೆ ಸೇರಲೇ?

ಸಿಗ್ನಲ್ ತಲುಪುವವರೆಗೂ 5. ಎರಡು ಮೂರು ಗಟ್ಟಿ ಗೋಡೆಗಳ ಆಚೆ ಅದು ಸೋತಾಗ 2.4. ಎರಡಕ್ಕೂ ಒಂದೇ ಹೆಸರಿಟ್ಟಿರುವ ರೌಟರುಗಳಲ್ಲಿ ಆಯ್ಕೆ ನಮ್ಮ ಕೈಯಲ್ಲಿರುವುದಿಲ್ಲ. ಕದಲದ ಡೆಸ್ಕ್‌ಟಾಪಿಗಾಗಿ ನಾನು ಬೇರೆ ಬೇರೆ ಹೆಸರಿಡುತ್ತೇನೆ. 2.4ರಲ್ಲೇ ಉಳಿಯಬೇಕಾದರೆ ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸಿ. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಆ ಮೂರು.

ರೌಟರ್ ಬದಲಿಸಿದೆ. ಮೊಬೈಲಿಗೆ ಕಾಣುವ ನೆಟ್‌ವರ್ಕ್ ಡೆಸ್ಕ್‌ಟಾಪಿಗೆ ಕಾಣುತ್ತಿಲ್ಲ.

ಮೂರು ಕಾರಣಗಳನ್ನು ಈ ಕ್ರಮದಲ್ಲೇ ನೋಡಿ. ನಿಮ್ಮ ಡಾಂಗಲ್ 2.4ರದ್ದು ಮಾತ್ರವಾಗಿದ್ದರೆ 5ರ ಹೆಸರು ಅದಕ್ಕೆ ಎಂದಿಗೂ ಕಾಣದು. ಹಳೆಯ ಇಂಟೆಲ್ ಕಾರ್ಡಾಗಿದ್ದರೆ, ಅದರ ಹಳೆಯ ಡ್ರೈವರಿಗೆ ವೈಫೈ 6ರ ರೌಟರಿನ ಘೋಷಣೆ ಅರ್ಥವಾಗದೆ ಹೆಸರನ್ನೇ ಕೈಬಿಡುತ್ತದೆ; ಡ್ರೈವರ್ ಹೊಸದು ಮಾಡಿದರೆ ಸಾಕು. ಇವೆರಡೂ ಅಲ್ಲವಾದರೆ ರೌಟರ್ 52ರಿಂದ 144ರ ನಡುವಿನ ಚಾನೆಲ್ಲಿನಲ್ಲಿದೆಯೇ ನೋಡಿ. ಅವನ್ನು ರಾಡಾರ್‌ಗಳೊಂದಿಗೆ ಹಂಚಿಕೊಳ್ಳಬೇಕು, ಎಲ್ಲ ಡಾಂಗಲ್ಲುಗಳೂ ಅಲ್ಲಿ ಕೆಲಸ ಮಾಡುವುದಿಲ್ಲ. 36ಕ್ಕೆ ಬದಲಿಸಿ ನೋಡಿ.

ಸ್ವಲ್ಪ ಹೊತ್ತು ಬಿಟ್ಟು ಬಂದರೆ ಡಾಂಗಲ್ ಸಂಪರ್ಕ ಕಡಿದಿರುತ್ತದೆ.

ವಿಂಡೋಸ್ ವಿದ್ಯುತ್ ಉಳಿಸಲು ಅದನ್ನು ಮಲಗಿಸುತ್ತಿದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ಸಾಧನವನ್ನು ಆಫ್ ಮಾಡಲು ಅನುಮತಿ ಕೊಡುವ ಗುರುತನ್ನು ತೆಗೆಯಿರಿ.

ವೇಗ ಪರೀಕ್ಷೆಯಲ್ಲಿ ಅಂಕಿ ಚೆನ್ನಾಗಿದೆ, ಆದರೆ ಆಟ ಮತ್ತು ಕರೆ ತಡವರಿಸುತ್ತವೆ.

ಕರೆಗೂ ಆಟಕ್ಕೂ ಬೇಕಾದದ್ದು ಹರಿವಿನ ಗಾತ್ರವಲ್ಲ, ಸಮತೆ. ಕಮಾಂಡ್ ಪ್ರಾಂಪ್ಟಿನಿಂದ ರೌಟರಿನ ವಿಳಾಸಕ್ಕೆ ಪಿಂಗ್ (ಮಾರುತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯುವ ಆದೇಶ) ಕಳಿಸಿ ಒಂದೆರಡು ನಿಮಿಷ ಗಮನಿಸಿ. ಎರಡು, ಮೂರು, ಐದು ಮಿಲಿಸೆಕೆಂಡು ಎಂದು ಬರುತ್ತಿದ್ದರೆ ಮನೆಯೊಳಗಿನ ವೈಫೈ ಸರಿಯಿದೆ, ತೊಂದರೆ ಹೊರಗಿನದು. ನಡುನಡುವೆ 100, 200 ಎಂದು ಜಿಗಿದರೆ ದೋಷ ನಿಮ್ಮ ಗಾಳಿಯಲ್ಲೇ ಇದೆ: ಚಾನೆಲ್ ಬದಲಿಸಿ, ಆಂಟೆನಾ ಸರಿಸಿ.

## ವೈಫೈ ಕೋಣೆಯವರೆಗೆ ಬರದಿದ್ದರೆ

ಹಳೆಯ ರೌಟರ್ ಒಂದಿದೆ. ಅದನ್ನೇ ಡೆಸ್ಕ್‌ಟಾಪಿನ ವೈಫೈ ಮಾಡಬಹುದೇ?

ಆಗುತ್ತದೆ, ನನಗೆ ಬಹಳ ಇಷ್ಟವಾದ ದಾರಿಯೂ ಹೌದು. ಅದರ ಸೆಟ್ಟಿಂಗ್ಸ್‌ನಲ್ಲಿ ಕ್ಲೈಂಟ್ ಅಥವಾ ಬ್ರಿಜ್ ಎಂಬ ವಿಧಾನವಿದ್ದರೆ, ಹಳೆಯ ರೌಟರ್ ಮುಖ್ಯ ರೌಟರಿನ ವೈಫೈ ಹಿಡಿದು ನೆಟ್‌ವರ್ಕ್ ತಂತಿ ಹಾಕುವ ತನ್ನ ಲ್ಯಾನ್ ಕಿಂಡಿಯಿಂದ ಕಂಪ್ಯೂಟರಿಗೆ ಕೊಡುತ್ತದೆ. ಕಂಪ್ಯೂಟರಿಗೆ ಅದು ತಂತಿಯ ಸಂಪರ್ಕದಂತೆಯೇ ಕಾಣುವುದರಿಂದ ವೈಫೈ ಡ್ರೈವರ್ ಗೊಡವೆಯಿಲ್ಲ, ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ನಡೆಯುತ್ತದೆ. ಆಂಟೆನಾ ದೊಡ್ಡದು, ಸಿಗ್ನಲ್ ಚೆನ್ನಾಗಿರುವಲ್ಲಿ ಅದನ್ನಿಟ್ಟು ಅಲ್ಲಿಂದ ಕೇಬಲ್ ತರಬಹುದು. ಮೆಶ್ ವ್ಯವಸ್ಥೆ (ಮನೆಯ ಹಲವೆಡೆ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಹರಡುವುದು) ಇರುವವರು ಕೋಣೆಯ ಮೆಶ್ ಪೆಟ್ಟಿಗೆಯ ಲ್ಯಾನ್ ಕಿಂಡಿಗೆ ಡೆಸ್ಕ್‌ಟಾಪನ್ನು ತಂತಿಯಿಂದ ಸೇರಿಸಿದರೆ ಇದೇ ಫಲ ಸಿಗುತ್ತದೆ.

ಮನೆಯ ವಿದ್ಯುತ್ ತಂತಿಯಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಹೇಗೆ?

ಎರಡೂ ಸಾಕೆಟ್ಟುಗಳು ಒಂದೇ ಫೇಸ್‌ನಲ್ಲಿದ್ದು, ತಂತಿ ಹಳೆಯದಾಗಿರದಿದ್ದರೆ ಕೆಲಸ ಮಾಡುತ್ತದೆ. ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಬೇಕು. ಯುಪಿಎಸ್, ಸರ್ಜ್ ಪ್ರೊಟೆಕ್ಟರ್ ನಡುವೆ ಬಂದರೆ ಅವು ಸಿಗ್ನಲ್ಲನ್ನೇ ಗದ್ದಲವೆಂದು ಸೋಸಿಬಿಡುತ್ತವೆ. ಡಬ್ಬಿಯ ಮೇಲಿನ ವೇಗ ಇಲ್ಲಿ ವೈಫೈಗಿಂತಲೂ ದೂರದ ಮಾತು. ಹಿಂದಿರುಗಿಸಲು ಅವಕಾಶವಿರುವ ಕಡೆ ಮಾತ್ರ ಕೊಳ್ಳಿ.

6ಇ ಕಾರ್ಡ್ ಹಾಕಿದೆ, 6 ಗಿಗಾಹರ್ಟ್ಸ್ ಮಾತ್ರ ಕಾಣುತ್ತಿಲ್ಲ.

ವಿಂಡೋಸ್ 11 ಇದೆಯೇ ನೋಡಿ. 10ರಲ್ಲಿ ಆ ಬ್ಯಾಂಡಿಗೆ ಬೆಂಬಲವಿಲ್ಲ. ರೌಟರಿನಲ್ಲಿ ಡಬ್ಲ್ಯುಪಿಎ3 ಭದ್ರತೆ ಇರಬೇಕು, 6 ಗಿಗಾಹರ್ಟ್ಸ್‌ಗೆ ಅದು ಕಡ್ಡಾಯ. ಪ್ರತಿ ದೇಶವೂ ಈ ಬ್ಯಾಂಡಿನ ಎಷ್ಟು ಭಾಗ ತೆರೆಯಬೇಕೆಂದು ತಾನೇ ನಿರ್ಧರಿಸುತ್ತದೆ, ಕಾರ್ಡ್ ಆ ನಿಯಮಕ್ಕೆ ತಲೆಬಾಗುತ್ತದೆ.

ವೈಫೈ ಹಾಕಿದ ಮೇಲೆ ಮುಂದೆ ತಂತಿಯೂ ಬಂದರೆ ಎರಡರಲ್ಲಿ ಯಾವುದು ನಡೆಯುತ್ತದೆ?

ವಿಂಡೋಸ್ ಸಾಮಾನ್ಯವಾಗಿ ತಂತಿಗೆ ಆದ್ಯತೆ ಕೊಡುತ್ತದೆ, ಅದು ಕಳಚಿದಾಗ ವೈಫೈಗೆ ಹೊರಳುತ್ತದೆ. ಕಾರ್ಡನ್ನು ತೆಗೆಯಬೇಡಿ; ಅದರ ಬ್ಲೂಟೂತ್ ಬಳಕೆಗೆ ಬರುತ್ತದೆ. ಆರಿಸಿಟ್ಟ ಕಂಪ್ಯೂಟರನ್ನು ಇನ್ನೊಂದು ಕೋಣೆಯಿಂದ ಎಬ್ಬಿಸುವ ಸೌಲಭ್ಯ ಬೇಕಿದ್ದವರು ಮಾತ್ರ ತಂತಿಯನ್ನೇ ನೆಚ್ಚಬೇಕು, ಡಾಂಗಲ್ಲಿನಿಂದ ಅದು ಆಗುವ ಕೆಲಸವಲ್ಲ.